ಕೆಂಚಕ್ಕ ಒತ್ತದೇ ಹೋದ ಹನ್ನೊಂದನೇ ಬಟನ್ನು

ಚಾಪೆ ಹಾಸಿ ಕುಂತವರೇ, ಗೋಡೆಗೊರಗಿ ನಿಂತವರೇ, ಬೇವಿನ ಮರ ಹತ್ತಿದವರೇ, ಬೀಡಿ ಆರಿಸಿ ಒಂದು ಗಳಿಗೆ ಇತ್ತ ಕೇಳಿ! ಪರದೆ ಮೇಲೇಳುತ್ತಿದೆ. ಇವತ್ತಿನ ಆಟದಲ್ಲಿ ಒಬ್ಬ ಅಧಿಕಾರಿ, ಒಬ್ಬ ಪಕ್ಷೇತರ, ಒಬ್ಬ ಹೆಂಗಸು. ಮೂವರಲ್ಲಿ ಹೆಂಗಸು ಈಗ ಇಲ್ಲ.

ಮತದಾರರ ಪಟ್ಟಿಯ ಮಾನ್ಯ ಅಧಿಕಾರಿಗಳೇ, ನಿಮಗೆ ಬರೆದ ಈ ಅರ್ಜಿಯನ್ನು ಇಷ್ಟು ಜನರ ಮುಂದೆಯೇ ಓದಿ ಕೇಳುತ್ತೇನೆ. ನನ್ನ ಹೆಂಡತಿ ಕೆಂಚಕ್ಕ ಉಸಿರಾಡುತ್ತಿದ್ದಾಗಲೇ ಸತ್ತವಳೆಂದು ಬರೆದು ಅವಳ ಹೆಸರು ಹೊಡೆದುಹಾಕಿದಿರಿ. ಮತದಾನದ ದಿನ ಅವಳು ಬದುಕಿದ್ದಳು ಎಂದು ನಿಮ್ಮ ಮೊಹರು ಒತ್ತಿ ಬರೆದುಕೊಡಿ. ನನ್ನ ಅಹವಾಲು ಇಷ್ಟೇ.

ನಾನು ಪಾಲಯ್ಯ. ಹೊಸದುರ್ಗದಿಂದ ಹಿರಿಯೂರಿನವರೆಗೆ ಹಳ್ಳಿ ನಾಟಕಗಳಲ್ಲಿ ನಲವತ್ತು ವರ್ಷ ರಾಜಪಾರ್ಟು ಮಾಡಿದವನು. ಒಂಬತ್ತು ಚುನಾವಣೆಗಳಿಗೆ ಪಕ್ಷೇತರನಾಗಿ ನಿಂತು ಒಂಬತ್ತರಲ್ಲೂ ಠೇವಣಿ ಕಳೆದುಕೊಂಡವನು. ಕೇಳಿದ್ದು ನಮ್ಮೂರ ರಂಗಮಂಟಪಕ್ಕೊಂದು ಸೂರು. ಪ್ರತಿ ಸಲವೂ ಹಾರ್ಮೋನಿಯಂ ಗುರುತು ಬೇಕೆಂದು ಬರೆದುಕೊಟ್ಟೆ. ಮೊದಲ ಎಂಟು ಸಲವೂ ಚೀಟಿ ಎತ್ತಿ ಬಕೆಟ್ಟೋ ಗಾಳಿಪಟವೋ ಕೈಗಿತ್ತರು. ಹೊಲಿಗೆ ಯಂತ್ರ ಬಂದ ವರ್ಷವಂತೂ ಊರಿನವರು ಹರಿದ ಲಂಗ ತಂದು ಜಗಲಿಯ ಮೇಲಿಟ್ಟರು. "ಪಾಲಣ್ಣ, ಗೆಲ್ಲೋದು ಆಮ್ಯಾಲೆ, ಮೊದ್ಲು ಇದಕ್ಕೊಂದು ಹೊಲಿಗೆ ಹಾಕ್ಕೊಡಪ್ಪ!" ನಾನೂ ನಕ್ಕೆ.

ಆದರೆ ನಮ್ಮೂರ ಮತಗಟ್ಟೆಯಲ್ಲಿ ನನಗೆ ಆ ಎಂಟು ಚುನಾವಣೆಯಲ್ಲೂ ಬಿದ್ದದ್ದು ಒಂದೇ ವೋಟು. ಅದು ನನ್ನದಲ್ಲ. ನಾಟಕದಲ್ಲಿ ಪಾರ್ಟು ಮೆಚ್ಚಿದವರು ರಂಗದ ಮೇಲೆ ಬಂದು ಶಾಲು, ನೋಟು ಆಹೇರಿ ಕೊಡುತ್ತಾರೆ. ಪಾರ್ಟುಗಾರ ತನಗೆ ತಾನೇ ಆಹೇರಿ ಮಾಡಿಕೊಳ್ಳುವಂತಿಲ್ಲ. ಅದೇ ನೇಮವನ್ನು ಮತಗಟ್ಟೆಯಲ್ಲೂ ಪಾಲಿಸಿ, ನನ್ನ ವೋಟನ್ನು ನನ್ನಂಥ ಇನ್ನೊಬ್ಬ ಬಡಪಾಯಿಗೆ ಹಾಕುತ್ತಿದ್ದೆ. ಆ ಒಂದು ವೋಟು ಕೆಂಚಕ್ಕನದು. "ನಿಂದೇ ಅಲ್ವೇನೇ?" ಎಂದರೆ, "ವೋಟಿನ ಗುಟ್ಟು ಹೇಳಂಗಿಲ್ಲ, ಸುಮ್ಕೆ ಉಣ್ರಿ" ಅನ್ನುತ್ತಿದ್ದಳು.

ಒಂಬತ್ತನೇ ಸಲ, ಸ್ವಾಮೀ, ಹಾರ್ಮೋನಿಯಂ ಸಿಕ್ಕಿತು! ಮೇಲಿನಿಂದ ಹನ್ನೊಂದನೇ ಗುರುತು. ಓದು ಬಾರದ ಕೆಂಚಕ್ಕ ಒಲೆ ಪಕ್ಕದ ಗೋಡೆಗೆ ಇದ್ದಿಲಲ್ಲಿ ಹನ್ನೊಂದು ಗೆರೆ ಎಳೆದು, ದಿನಾ ರೊಟ್ಟಿ ಬಡಿದೆದ್ದು ಕೊನೆಯ ಗೆರೆಯನ್ನು ಒತ್ತಿ ನೋಡುತ್ತಿದ್ದಳು.

ಮತದಾನದ ದಿನ ನಾನು ಬೇರೆ ಹಳ್ಳಿಗಳ ಮತಗಟ್ಟೆ ಸುತ್ತುತ್ತಿದ್ದೆ. ಅವಳು ಎರಡು ತಾಸು ಸಾಲಿನಲ್ಲಿ ನಿಂತು ಒಳಗೆ ಹೋದಳಂತೆ. ಪಟ್ಟಿ ಹಿಡಿದು ಕುಂತವನು ಹೇಳಿದನಂತೆ: "ಅಜ್ಜಿ, ನಿಮ್ಮೆಸ್ರು ಹೊಡೆದಾಕವ್ರೆ. ತೀರ್ಕಂಡಿದೀರಿ ಅಂತ ಐತೆ ಇಲ್ಲಿ."

"ಯಪ್ಪಾ, ಸತ್ತೋಳು ಬಿಸ್ಲಾಗೆ ಎರಡು ತಾಸು ನಿಂತ್ಕಂತಾಳೇನಪ್ಪಾ?"

ಸಾಲೆಲ್ಲ ನಕ್ಕಿತಂತೆ. ಸಂಜೆ ನಾನು ಬಂದಾಗ ಅವಳು ಆ ಗೋಡೆಯ ಮುಂದೆ ಕುಂತಿದ್ದಳು. "ಹನ್ನೊಂದನೇದು. ನೆಪ್ಪಿಟ್ಕಂಡಿದ್ದೆ ಕಣ್ರಿ" ಎಂದಳು. ಆಮೇಲೆ, "ನನ್ನ ಯಾರು ಸಾಯಿಸಿದ್ರು, ಕೇಳ್ಕಂಡು ಬರ್ರಿ" ಎಂದಳು.

ಮರುದಿನ ನಿಮ್ಮ ಕಚೇರಿಗೆ ಬಂದೆ. ಗುಮಾಸ್ತರು ಕಡತ ತಿರುಗಿಸಿ ತೋರಿಸಿದರು: "ಮರಣ. ಪತಿಯ ಹೇಳಿಕೆಯಂತೆ."

ಪತಿಯ ಹೇಳಿಕೆ! ಚುನಾವಣೆಗೆ ನಾಲ್ಕು ತಿಂಗಳ ಮುಂಚೆ ಪಟ್ಟಿ ಪರಿಶೀಲಿಸಲು ನಿಮ್ಮ ಕಡೆಯ ಹೆಣ್ಣುಮಗಳೊಬ್ಬಳು ನಮ್ಮ ಮನೆಗೆ ಬಂದಿದ್ದಳು. ಕೆಂಚಕ್ಕ ಚಿಕ್ಕಜಾಜೂರಿನ ಮಗಳ ಮನೆಗೆ ಹೋಗಿದ್ದಳು. ನಾನು ಪಡಸಾಲೆಯಲ್ಲಿ, ರಾಣಿ ಸತ್ತ ದೃಶ್ಯದ ತಾಲೀಮಿನಲ್ಲಿದ್ದೆ. "ಅಜ್ಜಾ, ಅಮ್ಮಾರು ಎಲ್ಲವ್ರೆ?" ಎಂದಳು. ಪಾರ್ಟನ್ನು ನಡುವೆ ಬಿಡಬಾರದೆಂಬುದು ನಮ್ಮ ಮೇಷ್ಟ್ರು ಬೆತ್ತದಿಂದ ಕಲಿಸಿದ ಪಾಠ. ಎದೆ ಬಡಿದುಕೊಂಡು ಆರ್ಭಟಿಸಿದೆ: "ಯಾರನ್ನು ಕೇಳುವೆ ಮಗಳೇ? ನನ್ನರಸಿ ಬೂದಿಯಾದಳು! ಈ ಅರಮನೆ ಬರಿದಾಯಿತು!" ಪಾಪ, ಊರಿಗೆ ಹೊಸಬಳು. ಕಣ್ಣೊರೆಸಿಕೊಂಡು ಏನೋ ಬರೆದುಕೊಂಡು ಹೋದಳು. ಕೆಂಚಕ್ಕ ಮರಳಿದಾಗ, "ಇವತ್ತು ಒಬ್ಳು ಗಳಗಳ ಅತ್ತುಬಿಟ್ಲು ಕಣೇ!" ಎಂದು ಬೀಗಿದೆ. "ಅಳದೆ ಏನ್ಮಾಡ್ತಾಳೆ, ನಿಮ್ಮ ಗಂಟ್ಲು ಕೇಳಿದ್ರೆ ಎಮ್ಮೆನೂ ಅಳ್ತೈತೆ" ಎಂದು ಅವಳೂ ನಕ್ಕಳು.

ಮಾನ್ಯರೇ, ತಪ್ಪು ನನ್ನದು. ಆದರೆ ನನ್ನೊಬ್ಬನದೇ? ಮರಣಪತ್ರ ಎಲ್ಲಿ ಎಂದು ನೀವು ಕೇಳಬೇಡವೇ? ಪಕ್ಕದ ಮನೆಯ ಬಾಗಿಲು ತಟ್ಟಬೇಡವೇ? ಒಂದು ನೋಟಿಸನ್ನಾದರೂ ಕಳಿಸಬೇಡವೇ? ನಲವತ್ತು ವರ್ಷದಲ್ಲಿ ನನಗೊಂದು ಪ್ರಶಸ್ತಿ ಬಂದಿಲ್ಲ. ನನ್ನ ಅಭಿನಯವನ್ನು ತಲೆಯಿಂದ ಕಾಲಿನವರೆಗೆ ನಂಬಿದ್ದು ನಿಮ್ಮ ಕಚೇರಿಯೊಂದೇ! ಒಂಬತ್ತು ಸಲ ರಂಗಮಂಟಪ ಸೋರುತ್ತಿದೆ ಎಂದು ನಿಜ ಹೇಳಿದೆ, ಯಾರೂ ಬರೆದುಕೊಳ್ಳಲಿಲ್ಲ. ಒಂದೇ ಸಲ ಸುಳ್ಳು ಅತ್ತೆ, ಅದು ಸರ್ಕಾರಿ ದಾಖಲೆಯಾಯಿತು.

ಮನೆಗೆ ಬಂದೆ. "ಯಾರಂತೆ?" ಎಂದಳು. "ಯಾರೋ ಗುಮಾಸ್ತನ ಕೈತಪ್ಪು" ಎಂದೆ. ಚಿತ್ರದುರ್ಗದಲ್ಲಿ ಎಣಿಕೆ ನಡೆದು, ನಮ್ಮೂರ ಮತಗಟ್ಟೆಯ ಸಾಲಿನಲ್ಲಿ ನನ್ನ ಹೆಸರಿನ ಮುಂದೆ ಸೊನ್ನೆ ಬಂತು. ಅದನ್ನು ಕೇಳಿ ಅವಳು, "ಈಗ ಗೊತ್ತಾತಲ್ಲ ಯಾರ್ದು ಅಂತ" ಎಂದಳು. ಅಷ್ಟೇ. ಅದಾಗಿ ಇಪ್ಪತ್ತನೇ ದಿನಕ್ಕೆ ನೀರು ತರುತ್ತಿದ್ದವಳು ಹಿತ್ತಲಲ್ಲಿ ಕುಸಿದಳು. ಎತ್ತುವಷ್ಟರಲ್ಲಿ ಜೀವ ಹೋಗಿತ್ತು.

ಮಣ್ಣಿಗೆ ಬಂದವರೆಲ್ಲರ ಎಡಗೈ ಬೆರಳಿನ ಉಗುರಲ್ಲಿ ವೋಟಿನ ಮಸಿ ಇನ್ನೂ ಉಳಿದಿತ್ತು. ಅವಳ ಬೆರಳು ಮಾತ್ರ ಬರಿದಾಗಿತ್ತು. ಆ ಬೆರಳನ್ನು ಹಿಡಿದುಕೊಂಡೇ ನಿಜ ಹೇಳಿದೆ. ಆಗ ಕೇಳಲು ಅವಳಿರಲಿಲ್ಲ.

ನನ್ನ ಸೊನ್ನೆ ಸೊನ್ನೆಯಾಗಿಯೇ ಇರಲಿ. ಅವಳ ಹೆಸರಿನ ಮುಂದಿರುವ ಸುಳ್ಳು ಮಾತ್ರ ಇರಬಾರದು. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ನಿಮ್ಮ ಕಚೇರಿಗೆ ಬರುತ್ತೇನೆ. ಬಣ್ಣ ಹಚ್ಚುವುದಿಲ್ಲ, ಕಿರೀಟ ಇಡುವುದಿಲ್ಲ, ದನಿ ಎತ್ತುವುದಿಲ್ಲ. ನಿಮ್ಮ ಮೇಜಿನ ಮುಂದೆ ನಿಂತು, ಮೆಲ್ಲಗೆ, ಪತಿಯ ಹೇಳಿಕೆಯನ್ನು ಇನ್ನೊಮ್ಮೆ ಕೊಡುತ್ತೇನೆ. ಬರೆದುಕೊಳ್ಳಿ.

ಇಂತಿ,
ತನ್ನೂರಿನ ಒಂದೇ ವೋಟನ್ನು ತಾನೇ ಕಳೆದುಕೊಂಡ ಪಕ್ಷೇತರ,
ಪಾಲಯ್ಯ