ಹಿಂಬದಿಯ ಗಂಟು

11 ಸೆಪ್ಟೆಂಬರ್ 2006, ಸೋಮವಾರ. ಬೆಳಗ್ಗೆ 7.10

ಎಂಟು ಫೋಟೊ, ಆರು ಹಾಳು. ಎದುರುಮನೆ ನೀರಿನ ಟ್ಯಾಂಕ್ ದಾಟಿ ಬಿಸಿಲು ಬರುವ ಮೊದಲೇ ತೆಗೆಯಬೇಕು. ತಡವಾದರೆ ಕಪ್ಪು ಬಟ್ಟೆ ಬೂದು ಬಣ್ಣಕ್ಕೆ ತಿರುಗುತ್ತದೆ. ಕೊಳ್ಳುವವರು ಜಗಳಕ್ಕೆ ಬರುತ್ತಾರೆ.

ಈ ವಾರ ಐದು ಆರ್ಡರ್. ಎಲ್ಲ ಮೊಬೈಲ್ ಪೌಚ್. ಕಸೂತಿಯ ಆನೆಗೇ ಬೇಡಿಕೆ. ತೊಟ್ಟಿಲಿನ ಚಿತ್ತಾರವನ್ನು ಯಾರೂ ಕೇಳುವುದಿಲ್ಲ.

ತಂಗೆವ್ವ ನಿನ್ನೆ ಬಂದಿದ್ದರು. ಬಿಟಿಎಂ ಬಡಾವಣೆಯಲ್ಲಿ ಮಗಳು ಬಿಂದುವಿನ ಗೆಳತಿ ಇರುವ ಪಿಜಿಯಲ್ಲಿ ಅಡುಗೆ ಅವರದು. ಊರು ಧಾರವಾಡದ ಹತ್ತಿರ. ಅವರ ಸೆರಗು ನೋಡಿಯೇ ನನಗೆ ಈ ವ್ಯಾಪಾರದ ಯೋಚನೆ ಬಂದದ್ದು. ಆನ್‌ಲೈನ್ ಮಾರಾಟದ ಸೈಟ್‌ನಲ್ಲಿ ಪ್ರತಿ ಪೌಚ್‌ನ ಕೆಳಗೂ ಹಾಕಿದ್ದೇನೆ: ಕೈಕೆಲಸ, ತಂಗೆವ್ವ, ಧಾರವಾಡ. ಒಂದೂ ಗಂಟಿಲ್ಲ, ಎರಡೂ ಬದಿ ಒಂದೇ.

ಬಿಂದು ಅದನ್ನು ಓದಿ ಹೇಳಿದಳು. ತಂಗೆವ್ವ ಸ್ಕ್ರೀನ್ ಮುಟ್ಟಿ ನೋಡಿದರು.

“ಇದ ನನ್ನ ಹೆಸರೇನ್ರಿ?”

“ಹೂಂ ಆಂಟಿ. ಅಮೆರಿಕಾದಲ್ಲಿ ಕೂತ್ಕೊಂಡೂ ಓದ್ಬೋದು.”

“ಅಮೇರಿಕಾದಾಗ ನನಗ ಯಾರದಾರವಾ. ನಮ್ಮ ನಾದಿನಿ ಓದೂ ಹಂಗ ಮಾಡ. ಆಕಿ ಹೊಟ್ಟಿ ಉರಿಬೇಕು.”

ಎಷ್ಟು ದಿನವಾಗಿತ್ತು, ಈ ಮನೆಯಲ್ಲಿ ಮೂವರು ಹೆಂಗಸರು ಹೀಗೆ ನಕ್ಕು.

29 ಸೆಪ್ಟೆಂಬರ್, ಶುಕ್ರವಾರ

ಸೈಟ್‌ನವರು ದೀಪಾವಳಿ ಗಿಫ್ಟ್ ಎಂದು ನಮ್ಮ ಪೌಚ್ ಅನ್ನು ಮೊದಲ ಪುಟಕ್ಕೆ ಹಾಕಿದ್ದಾರೆ. ಮೂರು ದಿನಕ್ಕೆ ನಲವತ್ತೊಂದು ಆರ್ಡರ್! ಎಣಿಸಿದೆ, ಮತ್ತೆ ಎಣಿಸಿದೆ.

ಒಂದು ಪೌಚ್‌ಗೆ ತಂಗೆವ್ವನಿಗೆ ನಾಲ್ಕು ಗಂಟೆ ಬೇಕು. ಅದೂ ಪಿಜಿಯಲ್ಲಿ ಮೂವತ್ತು ಜನರ ಚಪಾತಿ ಮುಗಿಸಿ ಕೂತರೆ.

ಹೇಳಿದೆ. “ಆ ಕೆಲ್ಸ ಬಿಟ್ಬಿಡಿ ತಂಗೆವ್ವ. ಅಲ್ಲಿ ಕೊಡೋದನ್ನ ಪ್ರತಿ ತಿಂಗಳೂ ನಾನು ಕೊಡ್ತೀನಿ.”

“ದೀಪಾವಳಿ ಮುಗದ ಮ್ಯಾಲ್ರಿ?”

“ಆಮೇಲೂ.”

“ಖರೇನ?”

“ನಾನ್ ಹೇಳ್ತಿದೀನಲ್ಲ.”

ಒಪ್ಪಿ ತಲೆಯಾಡಿಸಿದರು. ನಾನು ಯಾವ ಧೈರ್ಯದ ಮೇಲೆ ಹೇಳಿದೆ? ಮೂರು ದಿನದ ಒಂದು ಅಂಕಿಯ ಮೇಲೆ.

9 ಅಕ್ಟೋಬರ್, ಸೋಮವಾರ. ಮಧ್ಯಾಹ್ನ 3

ಅರವತ್ತಮೂರು ಬಾಕಿ. ದೀಪಾವಳಿಗೆ ಹನ್ನೆರಡು ದಿನ. ಗಾವಂತಿ ಹೊಲಿಗೆಯಲ್ಲಿ ದಾರ ಹೋದ ದಾರಿಯಲ್ಲೇ ತಿರುಗಿ ಬರಬೇಕು. ಹೋಗುವಾಗ ಬಿಟ್ಟ ಖಾಲಿಯನ್ನು ಬರುವಾಗ ತುಂಬಬೇಕು. ಅದಕ್ಕೇ ಎರಡೂ ಬದಿ ಒಂದೇ. ಅದಕ್ಕೇ ಇಷ್ಟು ಹೊತ್ತು.

ಲೆಕ್ಕ ಹಾಕಿ ನೋಡಿದೆ. ಹಿಂದೆ ಗಂಟು ಹಾಕಿ ದಾರ ಕತ್ತರಿಸಿಕೊಂಡು ಹೋದರೆ ಅರ್ಧ ಹೊತ್ತು ಉಳಿಯುತ್ತದೆ. ಒಳಗೆ ಲೈನಿಂಗ್ ಕೊಟ್ಟರೆ ಕಾಣುವುದೂ ಇಲ್ಲ.

ತಂಗೆವ್ವ ಸೂಜಿ ಕೆಳಗಿಟ್ಟರು.

“ಗಂಟ ಹಾಕಂಗಿಲ್ರಿ ಅಕ್ಕಾರ.”

“ಯಾರು ನೋಡ್ತಾರೆ?”

“ನಮ್ಮ ಕಡೆ ಮದಿವ್ಯಾಗ ಸೀರಿ ನೋಡಾಕ ಬಂದ ಹೆಂಗಸರು ಮೊದಲ ಸೆರಗ ತಿರುವಿ ನೋಡತಾರ್ರಿ. ಒಂದ ಗಂಟ ಸಿಕ್ಕರ ಸಾಕು, ಯಾರ ಹೊಲದಾರ ಇದನ್ನ ಅಂತ ಕೇಳತಾರ. ಸೀರಿ ಯಾರದಂತ ಕೇಳಂಗಿಲ್ಲ.”

“ಇದು ಸೀರೆ ಅಲ್ಲ ತಂಗೆವ್ವ. ಮೊಬೈಲ್ ಚೀಲ.”

“ಸೂಜಿಗೆ ಅದೆಲ್ಲಾ ಏನ ಗೊತ್ತಾಕ್ಕೈತ್ರಿ.”

ನಾನು ನಗಲಿಲ್ಲ. ಅರವತ್ತಮೂರು ಜನ ದುಡ್ಡು ಕಟ್ಟಿ ಕಾಯುತ್ತಿದ್ದಾರೆ ಎಂದೆ. ಪಿಜಿ ಬಿಡಿಸಿ ಸಂಬಳ ಕೊಡುತ್ತಿರುವುದು ಇದಕ್ಕೇ ಎಂದೆ. ಕೊನೆಯ ಮಾತು ಬೇಕಿರಲಿಲ್ಲ. ಅದೇ ಕೆಲಸ ಮಾಡಿತು.

“ಆತ್ರಿ. ನೀವ ಹೇಳೀರಿ ಅಂತ ಹಾಕತೇನಿ.”

ಸೈಟ್‌ನಲ್ಲಿ ‘ಒಂದೂ ಗಂಟಿಲ್ಲ’ ಎನ್ನುವ ಸಾಲು ತೆಗೆಯಬೇಕು. ಹಬ್ಬ ಮುಗಿಯಲಿ.

20 ಅಕ್ಟೋಬರ್

ಅರವತ್ತಮೂರೂ ಹೋದವು. ಕೊರಿಯರ್‌ನವನಿಗೇ ನನ್ನನ್ನು ನೋಡಿ ಸುಸ್ತು. ನಾಳೆ ಹಬ್ಬ. ಮನೆಯಲ್ಲಿ ಒಂದು ಹಣತೆಯೂ ಇಲ್ಲ.

ಆ ಸಾಲು ತೆಗೆದಿಲ್ಲ.

27 ನವೆಂಬರ್, ಸೋಮವಾರ

ಹನ್ನೊಂದು ದಿನ... ಒಂದೂ ಆರ್ಡರ್ ಇಲ್ಲ. ಪೌಚ್ ಈಗ ಸೈಟ್‌ನ ಎಷ್ಟನೇ ಪುಟದಲ್ಲಿದೆಯೋ. ಹುಡುಕುತ್ತ ಹೋಗಿ ನನಗೇ ಬೇಸರವಾಯಿತು.

ತಂಗೆವ್ವ ತರುತ್ತಲೇ ಇದ್ದಾರೆ. ತಿಂಗಳಿಗೆ ಇಷ್ಟು ಎಂದು ಹೇಳಿದವಳು ನಾನೇ. ಬೀರುವಿನ ಕೆಳಗಿನ ಎರಡು ಖಾನೆ ಭರ್ತಿ.

ಬಿಂದು ತನ್ನ ಹೊಸ ಫೋನನ್ನು ತುರುಕಿ ನೋಡಿದಳು. ಮಡಚುವ ಫೋನು, ಅಗಲ. ಅರ್ಧಕ್ಕೇ ನಿಂತಿತು.

“ಅಮ್ಮಾ, ಕ್ಲಾಸಲ್ಲಿ ಎಲ್ಲಾರ್ ಹತ್ರಾನೂ ಈಗ ಇಂಥದ್ದೇ. ನಿನ್ ಪೌಚಲ್ಲಿ ಬಾಚಣಿಗೆ ಇಟ್ಕೋಬೋದು, ಅಷ್ಟೇ.”

“ಜನ ಆರು ತಿಂಗಳಿಗೊಂದು ಫೋನ್ ಬದಲಾಯಿಸ್ತಾರಾ?”

“ಬದಲಾಯಿಸ್ತಾರೆ. ನೀನು ಕೇಳ್ಬೇಕಿತ್ತು.”

ಕೇಳಬೇಕಿತ್ತು. ಕೇಳಲಿಲ್ಲ. ಹಳೆಯ ಫೋನಿನ ಅಳತೆಗೆ ನೂರ ಹದಿನೆಂಟು ಆನೆಗಳನ್ನು ಕೂರಿಸಿಟ್ಟಿದ್ದೇನೆ.

ಇವತ್ತು ತಂಗೆವ್ವನಿಗೆ ನಿಲ್ಲಿಸಿ ಎನ್ನಬೇಕು ಅಂದುಕೊಂಡಿದ್ದೆ. “ಈ ಸಲ ಅವಸರ ಇಲ್ಲ, ನಿಧಾನಕ್ಕೆ ಮಾಡಿ” ಎಂದೆ. ಅವರು ಖುಷಿಪಟ್ಟರು.

5 ಡಿಸೆಂಬರ್, ಮಂಗಳವಾರ. ಬೆಳಗ್ಗೆ 11

ಪುಣೆಯ ಹೆಂಗಸೊಬ್ಬಳ ಫೀಡ್‌ಬ್ಯಾಕ್. ಅತೃಪ್ತಿಯ ಕೆಂಪು ಗುರುತು, ಮೊದಲನೆಯದು. ಅವಳ ಅಜ್ಜಿ ಕಸೂತಿ ಹಾಕುತ್ತಿದ್ದರಂತೆ. ಲೈನಿಂಗ್ ಬಿಚ್ಚಿ ನೋಡಿದ್ದಾಳೆ. ‘ಒಂದು ಆನೆಯ ಹಿಂದೆ ಹದಿನೇಳು ಗಂಟು. ಗಂಟಿಲ್ಲ ಎಂದು ಬರೆದು ಮಾರುತ್ತಾರೆ.’

ಮಾರಿದವಳು ಪಬ್ಲಿಕ್ ಆಗಿ ಉತ್ತರಿಸಬಹುದು. ಹತ್ತು ನಿಮಿಷವೂ ಯೋಚಿಸಲಿಲ್ಲ. ಶಾಲೆಯಲ್ಲಿ ಕಲಿತ ಒಳ್ಳೆಯ ಇಂಗ್ಲಿಷ್‌ನಲ್ಲಿ ಬರೆದೆ. ಕ್ಷಮಿಸಿ. ಕುಶಲಕರ್ಮಿಯಿಂದ ಆದ ತಪ್ಪು. ಆಕೆಗೆ ತಿಳಿಸಲಾಗಿದೆ. ಮತ್ತೆ ಹೀಗಾಗದು.

ಒಂದು ತಪ್ಪೂ ಇಲ್ಲದ ಇಂಗ್ಲಿಷ್.

ಸಂಜೆ 5

ಪೌಚ್ ಕೆಳಗೆ ತಂಗೆವ್ವನ ಹೆಸರಿದೆ. ಅದರ ಕೆಳಗೆ ನನ್ನ ಉತ್ತರ. ಓದುವವರಿಗೆ ಕುಶಲಕರ್ಮಿ ಯಾರೆಂದು ಬೇರೆ ಹೇಳಬೇಕಿಲ್ಲ. ಪೌಚ್‌ಗಳನ್ನೆಲ್ಲ ಸೈಟ್‌ನಿಂದ ತೆಗೆದೆ. ಮಾರಿಹೋದವುಗಳ ಪುಟ ಮಾತ್ರ ಹಾಗೇ ಉಳಿಯುತ್ತದಂತೆ. ಹೆಸರು, ಕೆಂಪು ಗುರುತು, ಉತ್ತರ, ಎಲ್ಲ.

ಬರೆಯುವಾಗ ಇದು ಹೊಳೆಯಲಿಲ್ಲವೇ? ಹೊಳೆದಿತ್ತು ಅನಿಸುತ್ತದೆ.

19 ಡಿಸೆಂಬರ್, ಮಂಗಳವಾರ

ಕೆಲಸ ನಿಲ್ಲಿಸಿ ಎಂದು ಕೊನೆಗೂ ಹೇಳಿದೆ. ತಂಗೆವ್ವ ಕಾಫಿ ಲೋಟ ಕೆಳಗಿಟ್ಟರು.

“ಪಿಜಿಯಾಗ ಬ್ಯಾರೆದಾಕಿ ಬಂದಾಳ್ರಿ. ಆಂಧ್ರದಾಕಿ. ಸಾರು ಚಲೋ ಮಾಡತಾಳಂತ.”

“ಬೇರೆ ಪಿಜಿ ಹುಡುಕೋಣ. ನಾನೂ ಕೇಳ್ತೀನಿ.”

“ಈ ಸಲಾನೂ ನೀವ ಹೇಳಾಕತ್ತೀರಿ.”

ನಗುತ್ತಲೇ ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಹೊರಡುವಾಗ ಬಿಂದುವನ್ನು ಕರೆದು, ನಾದಿನಿ ಮಗ ಕಂಪ್ಯೂಟರ್ ಕಲಿತಿದ್ದಾನೆ, ಅವನಿಗೆ ತಮ್ಮ ಹೆಸರಿರುವ ಪುಟ ಹೇಗೆ ತೋರಿಸುವುದು ಎಂದು ಕೇಳಿದರು. ಬಿಂದು ನನ್ನತ್ತ ನೋಡಿದಳು. ನಾನು ಬೇಡ ಎಂದು ಕಣ್ಸನ್ನೆ ಮಾಡಿದೆ. ಅವಳು ಕಂಪ್ಯೂಟರ್ ಮುಂದೆ ಹೋಗಿ ಕೂತಳು. ಪುಣೆಯವಳ ದೂರು, ನನ್ನ ಉತ್ತರ, ಎಲ್ಲವನ್ನೂ ಮೊದಲಿಂದ ಕೊನೆಯವರೆಗೆ ಓದಿದಳು, ಕನ್ನಡದಲ್ಲಿ, ಒಂದು ಮಾತೂ ಬಿಡದೆ.

ತಂಗೆವ್ವ ಕೇಳಿದರು, “ತಪ್ಪ ನಂದಂತ ಬರದೀರೇನ್ರಿ?”

“ನಿಮ್ಮ ಹೆಸರು ಬರೆದಿಲ್ಲ.”

“ಮ್ಯಾಲ ಐತೆಲ್ಲರಿ.”

ಅವರು ಚಪ್ಪಲಿ ಮೆಟ್ಟಿಕೊಂಡು ಹೋದರು. ಬಿಂದು ಮೂರು ದಿನದಿಂದ ನನ್ನೊಡನೆ ಮಾತಾಡುತ್ತಿಲ್ಲ ಎಂದು ಬರೆಯಹೊರಟಿದ್ದೆ. ಆಗಿದ್ದು ಇವತ್ತೇ. ಮೂರು ದಿನದಂತೆ ಅನಿಸುತ್ತಿದೆ.

8 ಜನವರಿ 2007, ಸೋಮವಾರ

ಮುಂಬೈ ಅಂಗಡಿಯೊಂದರಿಂದ ಮೇಲ್. ಮದುವೆ ಸೀಸನ್. ಪೌಚ್ ಯಾರಿಗೂ ಬೇಡ, ಈಗ ಕಸೂತಿಯ ತೆಳು ಶಾಲು, ಸ್ಟೋಲ್, ಕೇಳುತ್ತಿದ್ದಾರಂತೆ. ಅರವತ್ತು ಬೇಕು. ಹೆಗಲ ಮೇಲೆ ಎರಡೂ ಬದಿ ಕಾಣುತ್ತದೆ, ಒಂದೂ ಗಂಟಿರಬಾರದು. ಕೊನೆಯಲ್ಲಿ: ‘ಫೀಡ್‌ಬ್ಯಾಕ್ ನೋಡಿದೆವು. ಆ ಹೆಂಗಸು ಈಗ ನಿಮ್ಮಲ್ಲಿಲ್ಲ ತಾನೆ?’

ಗಂಟಿಲ್ಲದೆ ಅರವತ್ತು ಸ್ಟೋಲ್ ಹೊಲಿಯಬಲ್ಲವರು ನನಗೆ ಗೊತ್ತಿರುವುದು ಒಬ್ಬರೇ.

9 ಜನವರಿ, ಮಂಗಳವಾರ

ಬಿಟಿಎಂಗೆ ಹೋಗಿದ್ದೆ. ತಂಗೆವ್ವ ಒಂದು ಮೆಸ್‌ನಲ್ಲಿ ತರಕಾರಿ ಹೆಚ್ಚುತ್ತಿದ್ದರು, ನಿಂತುಕೊಂಡು. ಅಡುಗೆಯವರಾಗಿ ಅಲ್ಲ, ಅಡುಗೆಯವಳ ಕೈಕೆಳಗೆ.

ಸ್ಟೋಲ್ ವಿಷಯ ಹೇಳಿದೆ. ಈ ಸಲ ಹೆಸರು ಹಾಕುವುದಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ ಎಂದೆ. ಅದನ್ನು ಉಪಕಾರ ಎಂಬಂತೆ ಹೇಳಿದೆನೇ?

“ಕದ್ದ ಹೊಲಿಬೇಕೇನ್ರಿ ನಾ?”

“ಹಾಗಲ್ಲ...”

“ಅಲ್ಲಿ ಬರದದ್ದನ್ನ ಮೊದಲ ಸರಿ ಮಾಡ್ರಿ ಅಕ್ಕಾರ. ಗಂಟ ಹಾಕಂತ ಹೇಳಿದವರ ಯಾರಂತ ಬರೀರಿ. ಆ ಮ್ಯಾಲ ಅರವತ್ತಲ್ಲ, ನೂರಾ ಅರವತ್ತ ಕೊಡತೇನಿ.”

ಮತ್ತೆ ಬೀನ್ಸ್ ಹೆಚ್ಚತೊಡಗಿದರು.

11 ಜನವರಿ, ಗುರುವಾರ. ಬೆಳಗ್ಗೆ 10

ಆ ಫೀಡ್‌ಬ್ಯಾಕ್‌ಗೆ ಇನ್ನು ಒಂದೇ ಒಂದು ಸಲ ಉತ್ತರಿಸಲು ಬಿಡುತ್ತಾರೆ. ಎಂಬತ್ತು ಅಕ್ಷರ. ಅಳಿಸುವಂತಿಲ್ಲ.

ಬರೆದರೆ ಮುಂಬೈಯವರೂ ಓದುತ್ತಾರೆ. ಗಂಟು ಹಾಕಿಸಿ, ಸುಳ್ಳು ಹೇಳಿ, ತಪ್ಪನ್ನು ಕೆಲಸದವರ ಮೇಲೆ ಹಾಕಿದವಳ ಹತ್ತಿರ ಯಾರು ಕೊಳ್ಳುತ್ತಾರೆ? ಬರೆಯದಿದ್ದರೆ ಹೊಲಿಯುವವರಿಲ್ಲ. ಎರಡು ದಿನದಿಂದ ಇದನ್ನೇ ತಿರುವಿ ತಿರುವಿ ನೋಡುತ್ತಿದ್ದೇನೆ. ವ್ಯಾಪಾರದ ಲೆಕ್ಕವಾಗಿಯೇ ನೋಡುತ್ತಿದ್ದೇನೆ, ಅದು ಇನ್ನೂ ನಾಚಿಕೆ.

ಮುಂಬೈಗೆ ಈಗತಾನೆ ಉತ್ತರ ಕಳಿಸಿದೆ. ‘ಆ ಹೆಂಗಸು ಈಗ ನಮ್ಮಲ್ಲಿಲ್ಲ.’ ಸುಳ್ಳೇನಲ್ಲ.

11.30

ಬೀರುವಿನ ಪೌಚ್‌ಗಳನ್ನು ಹೊರತೆಗೆದೆ. ಕೊನೆಯ ಕಟ್ಟು, ಅವಸರ ಇಲ್ಲ ಎಂದ ಮೇಲೆ ಬಂದದ್ದು. ಬ್ಲೇಡಿನಿಂದ ಲೈನಿಂಗ್ ಬಿಚ್ಚಿದೆ. ಒಂದು, ಎರಡು, ಆರು. ಒಂದೂ ಗಂಟಿಲ್ಲ. ಗಂಟು ಹಾಕುವುದು ಬೇಡ ಎಂದು ನಾನು ಹೇಳಿರಲಿಲ್ಲ. ಲೈನಿಂಗ್ ಒಳಗೆ, ಯಾರೂ ನೋಡದ ಕಡೆ, ಆನೆ ಸೊಂಡಿಲೆತ್ತಿ ನಿಂತಿದೆ, ಹೊರಗಿನದರ ಹಾಗೆಯೇ. ಉಗುರಿನಿಂದ ಸವರಿ ನೋಡಿದೆ. ಯಾವುದು ಮುಂದು, ಯಾವುದು ಹಿಂದು, ತಿಳಿಯಲಿಲ್ಲ.

ಮುಂಬೈಯಿಂದ ಮೇಲ್ ಬಂದಿದೆ. ಆರ್ಡರ್ ಕನ್ಫರ್ಮ್.

12.15

ಕಾಮೆಂಟ್ ಬಾಕ್ಸ್ ತೆರೆದು ಕೂತಿದ್ದೇನೆ. ಬಿಂದು ಕಾಲೇಜಿನಿಂದ ಬರುವುದರೊಳಗೆ ಆಗಬೇಕು. ಮೊದಲು ಇಲ್ಲಿ ಬರೆದು ನೋಡುತ್ತೇನೆ, ಎಂಬತ್ತು ಅಕ್ಷರದಲ್ಲಿ ಹಿಡಿಯುತ್ತದೆಯೋ ಎಂದು. ತಂಗೆವ್ವನದು ತಪ್ಪಿಲ್ಲ. ಅವರು ಒಲ್ಲೆ ಅಂದಿದ್ದರು. ಗಂಟು ಹಾಕಿಸಿದ್ದು