ಡಾಕ್ಟರ್ ಪಾತ್ರಕ್ಕೆ ಬಹುಮಾನ ಕೊಟ್ಟವರಿಗೆ

ಫಾರ್ಮಸಿ ಕಾಲೇಜಿನ ಮಾನ್ಯ ಪ್ರಾಂಶುಪಾಲರೇ,

ಡಾಕ್ಟರುಗಳ ಜೊತೆ ಕೆಲಸ ಮಾಡುವುದು ಹೇಗೆಂದು, ಒಬ್ಬ ಡಾಕ್ಟರನ್ನೂ ತೋರಿಸದೆ, ತಾವು ನನ್ನ ತಮ್ಮನ ಮಗಳಿಗೆ ಕಲಿಸಿದ್ದೀರಿ. ಈ ಸಾಧನೆಗೆ ಅಭಿನಂದನೆ ಬರೆಯೋಣವೆಂದಿದ್ದೆ. ಅಷ್ಟರಲ್ಲಿ ನನ್ನ ಹೆಂಡತಿ ಆಸ್ಪತ್ರೆಯ ನೆಲದ ಮೇಲೆ ಕುಸಿದು ಕುಳಿತದ್ದರಿಂದ ದೂರು ಬರೆಯುತ್ತಿದ್ದೇನೆ.

ತಮ್ಮ ‘ಸಹವೃತ್ತಿ ತರಬೇತಿ ದಿನ’ಕ್ಕೆ ನಾನೂ ಬಂದಿದ್ದೆ. ವೇದಿಕೆಯ ಮೇಲೆ ಡಾಕ್ಟರ್, ನರ್ಸ್, ಫಾರ್ಮಸಿಸ್ಟ್ ಎಲ್ಲರೂ ಇದ್ದರು. ಎಲ್ಲರೂ ತಮ್ಮ ವಿದ್ಯಾರ್ಥಿಗಳೇ! ನಮ್ಮ ಹುಡುಗಿ ಡಾಕ್ಟರ್. ಫಾರ್ಮಸಿಸ್ಟ್ ಔಷಧಿ ಚೀಟಿಯಲ್ಲಿನ ತಪ್ಪು ತೋರಿಸಿದ್ದೇ ತಡ, ಕೊರಳ ಸ್ಟೆತಸ್ಕೋಪ್ ಸರಿಪಡಿಸಿಕೊಂಡು, “ಹೌದಲ್ಲ! ಹೇಳಿ ಉಪಕಾರ ಮಾಡಿದ್ರಿ. ಕೂತ್ಕೊಳ್ಳಿ, ಕಾಫಿ ತರಿಸ್ತೀನಿ” ಎಂದಳು. ಇಂಥ ಡಾಕ್ಟರು ಭೂಮಿಯ ಮೇಲೆ ಎಲ್ಲಿದ್ದಾರೆಂದು ಯಾರೂ ಕೇಳಲಿಲ್ಲ. ತಾವು ಬಹುಮಾನ ಕೊಟ್ಟಿರಿ. ಮೆಡಿಕಲ್ ಕಾಲೇಜು ತಮ್ಮ ಕಾಂಪೌಂಡಿನಾಚೆಗೇ ಇದೆ, ನರ್ಸಿಂಗ್ ಶಾಲೆ ತಮ್ಮ ತಲೆಯ ಮೇಲಿನ ಮಹಡಿಯಲ್ಲೇ ಇದೆ. ಅವರನ್ನು ಕರೆಯಲು ಅಡ್ಡಬಂದದ್ದು ಗೋಡೆಯೋ, ಗತ್ತೋ?

ಆಮೇಲೆ ನನ್ನವಳು ಬಿ.ಪಿ. ಏರಿ ವಾರ್ಡು ಸೇರಿದಳು. ಹೃದಯದ ಡಾಕ್ಟರು ಒಂದು ಮಾತ್ರೆ ಬರೆದರು, ಕಿಡ್ನಿಯ ಡಾಕ್ಟರು ಇನ್ನೊಂದು. ನೋಡಲು ಬಂದ ನಮ್ಮ ಹುಡುಗಿ ಪಿಸುಗುಟ್ಟಿದಳು: “ದೊಡ್ಡಪ್ಪ, ಎರಡೂ ಒಂದೇ ಔಷಧಿ. ಕಂಪನಿ ಇಟ್ಟ ಹೆಸರು ಮಾತ್ರ ಬೇರೆ.”

“ಹೋಗಿ ಡಾಕ್ಟರಿಗೆ ಹೇಳೇ!”

“ಏನಂತ ಶುರು ಮಾಡ್ಲಿ? ಅವರು ನಮ್ಮ ಕ್ಲಾಸಿನ ಡಾಕ್ಟರ್ ಥರ ಇಲ್ಲ.”

“ನಿಮ್ಮ ಕ್ಲಾಸಿನ ಡಾಕ್ಟರ್ ನೀನೇ ಅಲ್ವೇನೇ!”

ಹೋದಳು. ವಾರ್ಡಿನಲ್ಲಿದ್ದ ಎಳೆಯ ಡಾಕ್ಟರು ಕೇಳಿದರು: “ಪೇಷಂಟ್ ಕಡೆಯವರಾ?” ಇವಳು “ಹೌದು” ಎಂದಳು. “ಹಾಗಾದ್ರೆ ಹೊರಗಡೆ ಇರಿ.” ಅಷ್ಟೇ, ಬಾಗಿಲಾಚೆ ನಾನು ನಿಂತಲ್ಲಿಗೇ ವಾಪಸು ಬಂದಳು. ಅಷ್ಟರಲ್ಲಿ ಒಳಗೆ ನನ್ನವಳು ಎರಡನ್ನೂ ನುಂಗಿದ್ದಳು. ಸ್ವಲ್ಪ ಹೊತ್ತಿಗೆ ಬಿ.ಪಿ. ಪಾತಾಳಕ್ಕಿಳಿದು, ಎದ್ದು ನಿಲ್ಲಲು ಹೋಗಿ ಕುಸಿದಳು. ಓಡಿಬಂದ ಅದೇ ಡಾಕ್ಟರು ಮಾತ್ರೆಗಳನ್ನು ತಿರುಗಿಸಿ ನೋಡಿ, “ಛೆ, ಯಾರಾದ್ರೂ ಮೊದಲೇ ಹೇಳಬಾರದಿತ್ತಾ?” ಎಂದರು. ಅವರನ್ನೂ ಬೈಯಲಾರೆ. ಫಾರ್ಮಸಿ ವಿದ್ಯಾರ್ಥಿ ಹೇಗಿರುತ್ತಾಳೆಂದು ಅವರಿಗೂ ಯಾರು ತೋರಿಸಿದ್ದರು?

ನನ್ನವಳು ಚೇತರಿಸಿಕೊಂಡಿದ್ದಾಳೆ. ಚೇತರಿಸಿಕೊಳ್ಳದವಳು ಹುಡುಗಿ. ಮುಂದಿನ ತಿಂಗಳು ಅದೇ ವಾರ್ಡಿನಲ್ಲಿ ಅವಳಿಗೆ ತರಬೇತಿ; “ನಾನು ಹೋಗಲ್ಲ. ಓದು ಬಿಟ್ಟು ಔಷಧಿ ಗೋದಾಮು ಸೇರ್ತೀನಿ, ಡಬ್ಬಗಳು ಗದರಲ್ಲ” ಎನ್ನುತ್ತಿದ್ದಾಳೆ. “ಬಿದ್ದೋಳು ನಾನು, ಅಳೋಳು ಇವಳು” ಎಂದು ಇವಳ ದೊಡ್ಡಮ್ಮನ ಗೊಣಗಾಟ.

ಆದ್ದರಿಂದ, ಮಾನ್ಯರೇ, ತರಬೇತಿಗೆ ಮುಂಚೆ ಮೂರೂ ಕಡೆಯ ವಿದ್ಯಾರ್ಥಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿ, ಒಬ್ಬ ರೋಗಿಯ ಔಷಧಿಗಳನ್ನು ಮುಂದಿಟ್ಟು, ಬೇಕಾದಷ್ಟು ಕಿತ್ತಾಡಲು ಬಿಡಿ. ರೋಗಿಯಾಗಿ ಬರಲು ನನ್ನ ಹೆಂಡತಿ ಒಪ್ಪಿದ್ದಾಳೆ. ಅವಳದು ಒಂದೇ ಷರತ್ತು: “ನಾನು ಮಾತ್ರೆ ನುಂಗೋಕೆ ಮುಂಚೆ ಅವರ ಜಗಳ ಮುಗೀಬೇಕು.”

ಇಂತಿ,
ತಮ್ಮ ವಿದ್ಯಾರ್ಥಿನಿಯ ದೊಡ್ಡಪ್ಪ,
ಸದ್ಯಕ್ಕೆ ಹೆಂಡತಿಯ ಮಾತ್ರೆಗಳ ಕಾವಲುಗಾರ