ಕಿಟಕಿಯ ಮೇಲಿನ ಕಾಡಿಗೆ

ಮಹಾಮಾಯಾಳ ಅಪ್ಪನವರಿಗೆ, ಗೋದಾವರಿ ಕಡಲು ಸೇರುವ ಈ ಊರಿನಿಂದ ಜೈಭೀಮ್.

ನಾನು ಆರಾಮ. ಅಳಿಯ ದುಡಿಯುವ ಗ್ಯಾಸ್ ಬಾವಿ ಮನೆಯ ಹಿಂದೆಯೇ ಇದೆ. ಅಲ್ಲೊಂದು ಎತ್ತರದ ಕೊಳವೆಯ ತುದಿಯಲ್ಲಿ ಹಗಲೂ ರಾತ್ರಿ ಬೆಂಕಿ ಉರಿಯುತ್ತದೆ. ಬೇಡದ ಗ್ಯಾಸನ್ನು ಹಾಗೇ ಸುಡುತ್ತಾರಂತೆ. ಬೆಳಗಾಗುವುದು ಯಾವಾಗ ಎಂಬುದು ಇಲ್ಲಿನ ಹುಂಜಗಳಿಗೇ ತಿಳಿಯದು!

ಕಿಟಕಿ ಒರೆಸಿದರೆ ಬೆರಳಿಗೆ ನುಣ್ಣನೆಯ ಮಸಿ. ನಮ್ಮಲ್ಲಿ ಹರಳೆಣ್ಣೆ ದೀಪದ ಮೇಲೆ ತಾಟು ಬೋರಲು ಹಾಕಿ, ಕಾದು ಕೂತು ಕಾಡಿಗೆ ಹಿಡಿಯುತ್ತೇವಲ್ಲ, ಇಲ್ಲಿ ಪುಕ್ಕಟೆ ಸಿಕ್ಕಿತೆಂದು ಹಿಗ್ಗಿದೆ. ಎಣ್ಣೆಯಲ್ಲಿ ಕಲಸಿ ಮೊಮ್ಮಗಳ ಗಲ್ಲಕ್ಕೆ ದೃಷ್ಟಿಬೊಟ್ಟು ಇಟ್ಟೆ. ಸಂಜೆಗೆ ಗಲ್ಲ ಕೆಂಪಗೆ ಬಾತುಕೊಂಡಿತು. ದವಾಖಾನೆಯ ಡಾಕ್ಟರಮ್ಮ ತೆಲುಗಿನಲ್ಲಿ ಬೈದದ್ದನ್ನು ನಮ್ಮ ಮಹಾಮಾಯಾ ಬಿಡಿಸಿ ಹೇಳಿದಳು.

"ಅವ್ವಾ, ಗಲ್ಲದ ಮ್ಯಾಲಿಂದು ತೊಳದ್ರ ಹೋಗ್ತದ. ದಿನಾ ಉಸಿರಿನಾಗ ಹೋಗಿ ಎದಿಯಾಗ ಕುಂತಿದ್ದು ಹ್ಯಾಂಗ ತೊಳಿತೀರಿ ಅಂತ ಕೇಳ್ಯಾರ. ಕೂಸಿನ ಕೆಮ್ಮು ನಿಲ್ಲವಲ್ದು, ಅದಕ್ಕೂ ಈ ಹೊಗಿನೇ ಕಾರಣ ಅಂತ."

ಗಲ್ಲ ಈಗ ವಾಸಿಯಾಗಿದೆ, ಕೆಮ್ಮು ಮಾತ್ರ ಹಾಗೇ ಇದೆ. ಅದಕ್ಕೇ ತಾಯಿ, ಕೂಸು ಇಬ್ಬರನ್ನೂ ನಮ್ಮೂರು ಸಂತಪುರಕ್ಕೆ ಕರೆತರುತ್ತಿದ್ದೇನೆ. ಟಿಕೆಟನ್ನು ಅಳಿಯನೇ ತೆಗೆಸಿದ್ದಾನೆ. ಭಾನುವಾರ ಬೆಳಿಗ್ಗೆ ಬೀದರ ಸ್ಟೇಶನ್ನಿಗೆ ಬನ್ನಿ. ಅಟ್ಟದ ಮೇಲಿನ ತೊಟ್ಟಿಲು ಇಳಿಸಿ, ತೊಳೆದು, ಪಡಸಾಲೆಯಲ್ಲಿ ಕಟ್ಟಿಡಿ. ನಿಮ್ಮ ಬೀಡಿ ಕಟ್ಟು ಅಲ್ಲೇ ಗೂಡಿನಲ್ಲಿ ಇರುತ್ತದಲ್ಲ, ಅದನ್ನು ನಾನು ಬರುವುದರೊಳಗೆ ತಿಪ್ಪೆಗೆ ಹಾಕಿ. ಕೊಳವೆಯ ಹೊಗೆ ಬಿಡಿಸಿ ನಿಮ್ಮ ಹೊಗೆ ಕುಡಿಸಲು ಕೂಸನ್ನು ಇಷ್ಟು ದೂರದಿಂದ ತರುತ್ತಿಲ್ಲ.

ಕಾರ್ಡಿನಲ್ಲಿ ಜಾಗ ಮುಗಿಯಿತು, ಸಿಟ್ಟು ಮುಗಿದಿಲ್ಲ.

ಸುಭದ್ರಾ